ಎಂಟನೆಯವರ ಸೀಟು

ಕನ್ನಡಕದಂಗಡಿಯ ಒಡತಿಗೆ ನಲವತ್ತು ದಾಟಿದ ಮೇಲೆ ಮದುವೆಯ ಹುಚ್ಚು ಹಿಡಿದಿತ್ತು. ಹಿಡಿಯಲಿ ಬಿಡಿ, ಯಾರಪ್ಪನ ಗಂಟೇನು ಹೋಗಬೇಕು! ವರ ಯಾರೆಂದರೆ ಶಾಲೆಯ ಬಸ್ಸಿನ ಡ್ರೈವರ್. ಅವಳು ಗಂಡನನ್ನು ಕಳೆದುಕೊಂಡವಳು, ಅವನು ಹೆಂಡತಿಯನ್ನು. ಹತ್ತಿರದ ಅಕ್ಷರ ಕಾಣುತ್ತಿಲ್ಲ ಎಂದು ಅಂಗಡಿಗೆ ಬಂದವನು, ಕನ್ನಡಕ ಕೈಗೆ ಸಿಕ್ಕ ಮೇಲೂ ಫ್ರೇಮು ಸಡಿಲ, ಮೂಗಿಗೆ ಒತ್ತುತ್ತದೆ ಎಂದು ಏನಾದರೊಂದು ನೆಪ ತೆಗೆದು ಬರುತ್ತಲೇ ಇದ್ದ. ಅವನ ಮೂಗಿಗೇನೂ ಧಾಡಿಯಾಗಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು.

ಅವಳಿಗೆ ಇಬ್ಬರು ಮಕ್ಕಳು, ಅವನಿಗೆ ಮೂವರು. ಇವರಿಬ್ಬರು ಸೇರಿ ಏಳು. ಅವಳ ಚಿಕ್ಕ ಕಾರನ್ನೂ ಅವನ ಹಳೇ ವ್ಯಾನನ್ನೂ ಕೊಟ್ಟು, ಇಡೀ ಸಂಸಾರ ಒಂದೇ ಸಲ ಹತ್ತುವಂಥ ದೊಡ್ಡ ಎಸ್‌ಯುವಿ ಕೊಳ್ಳುವುದೆಂದು ತೀರ್ಮಾನವಾಯಿತು. ಮಕ್ಕಳು ಕುಣಿದಾಡಿದರು. ಎಂಟನೆಯವರೊಬ್ಬರು ಮಾತ್ರ ಕುಣಿಯಲಿಲ್ಲ.

ಅವರೇ ಅಜ್ಜಿ, ಡ್ರೈವರನ ತೀರಿಕೊಂಡ ಹೆಂಡತಿಯ ತಾಯಿ. ಮಗಳು ಹೋದಂದಿನಿಂದ ಆ ಮೂರು ಮಕ್ಕಳ ತಲೆ ಬಾಚಿ, ಮೂಗು ಒರೆಸಿ, ಬೈದು ಬೆಳೆಸಿದವರು. ಮದುವೆಯ ಸುದ್ದಿ ಕೇಳಿದ್ದೇ, "ಒಳ್ಳೇದಾಯ್ತು. ನಾನು ತಂಗಿ ಮನೆಗೆ ಹೋಗ್ತೀನಿ. ನನ್ನನ್ನ ಲೆಕ್ಕಕ್ಕೆ ಹಿಡೀಬೇಡಿ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಕನ್ನಡಕದವಳು ಇದನ್ನು ಒಪ್ಪಲಿಲ್ಲ. ತಾನು ಬಂದೆನೆಂದು ಅಜ್ಜಿ ಹೊರಡುವುದಾದರೆ ಆ ಮನೆಯಲ್ಲಿ ತನಗೆ ಅನ್ನ ಇಳಿದೀತೇ? "ಅವರು ಬರದಿದ್ದರೆ ನಾನೂ ಬರಲ್ಲ, ತಿಳ್ಕೊಳ್ಳಿ" ಎಂದಳು ಡ್ರೈವರನಿಗೆ. ಅವನು ತಲೆ ಕೆರೆದುಕೊಂಡ. "ಎಂಟು ಸೀಟಿನ ಗಾಡಿ ಸಿಗಲಿ, ಆಮೇಲೆ ಅತ್ತೆ ಹತ್ತಿರ ಮಾತಾಡಿದರಾಯ್ತು" ಎಂದ. ಜಾಗ ತೋರಿಸಿ ಕರೆದರೆ ಬೇಡ ಎನ್ನಲಾರರು ಎಂದು ಅವಳಿಗೂ ಅನಿಸಿತು.

ಸರಿ, ಶುರುವಾಯಿತು ದಂಡಯಾತ್ರೆ! ಭಾನುವಾರ ಬಂದರೆ ಸಾಕು, ಎಂಟೂ ಜನ ಕಾರು ವ್ಯಾನು ತುಂಬಿಕೊಂಡು ಷೋರೂಮಿಗೆ. ಅಜ್ಜಿಯೂ ಬರುತ್ತಿದ್ದರು, "ಮಕ್ಕಳು ಚೆಲ್ಲಾಪಿಲ್ಲಿ ಆಗಬಾರದು ಅಂತ ಅಷ್ಟೇ" ಎನ್ನುತ್ತ. ಡ್ರೈವರನ ಹಿರಿಮಗನಿಗೆ ಮನೆಯಲ್ಲಿ ಪ್ರೊಫೆಸರ್ ಎಂದೇ ಹೆಸರು. ಯಾವ ಗಾಡಿ ಎಷ್ಟು ವರ್ಷ ತಂಟೆ ಕೊಡದೆ ಓಡುತ್ತದೆ, ಯಾವುದರ ಗೇರ್‌ಬಾಕ್ಸ್ ಕೈಕೊಡುತ್ತದೆ ಎಂದು ಫೋನಿನಲ್ಲಿ ಓದಿ ಓದಿ ಎಲ್ಲರ ತಲೆ ತಿಂದ. ಅವನ ಅವಳಿ ತಂಗಿಯರಿಗೆ ಆಕಾಶ ಕಾಣುವ ಸನ್‌ರೂಫ್ ಬೇಕು. ಕನ್ನಡಕದವಳ ಮಗಳಿಗೆ ಸೀಟಿನ ಬೆನ್ನಿಗೆ ಟೀವಿ ಬೇಕು. ಅವಳ ಮಗ ಪುಟ್ಟನಿಗೆ ಲೋಟ ಇಡುವ ಗುಂಡಿಗಳು ಎಷ್ಟಿದ್ದರೂ ಸಾಲದು.

ಕನ್ನಡಕದವಳ ಪರೀಕ್ಷೆಯೇ ಬೇರೆ. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಬದಲಾಯಿಸಿ ಕೇಳುವ ಅಭ್ಯಾಸ ಅವಳದು. ಇಲ್ಲಿಯೂ ಎರಡೆರಡು ಗಾಡಿಯನ್ನು ಅಕ್ಕಪಕ್ಕ ನಿಲ್ಲಿಸಿ, ಎಲ್ಲರನ್ನೂ ಇದರಿಂದ ಇಳಿಸಿ ಅದಕ್ಕೆ ಹತ್ತಿಸಿ, "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ? ಇನ್ನೊಂದ್ಸಲ ಹೇಳಿ. ಇದಾ, ಅದಾ?" ಎಂದು ಪೀಡಿಸುವಳು. ಹತ್ತಿ ಇಳಿದು ಮಕ್ಕಳ ಕಾಲು ಬಿದ್ದುಹೋದವು. ಸೇಲ್ಸ್‌ನವರ ನಗು ತುಟಿಯಲ್ಲೇ ಒಣಗಿತು.

ಕಪ್ಪು ಗಾಡಿ ನಂಬಿಕೆಗೆ ಗಟ್ಟಿ, ಆದರೆ ಹಿಂದಿನ ಸಾಲಿನಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತದೆ. ಬಿಳಿಯದರಲ್ಲಿ ಕಾಲು ಚಾಚಬಹುದು, ಆದರೆ ಅದರ ಹೆಸರೆತ್ತಿದರೇ ಪ್ರೊಫೆಸರ್ ಮೂಗು ಮುರಿಯುತ್ತಾನೆ. ಕೊನೆಗೆ ಸಿಕ್ಕಿತು ಒಂದು ನೀಲಿ ಗಾಡಿ. ಅಬ್ಬಬ್ಬಾ, ಏನು ಗಾಡಿ ಅಂತೀರಿ! ಗಟ್ಟಿ ಎಂದರೆ ಗಟ್ಟಿ, ಅಗಲ ಎಂದರೆ ಅಗಲ, ಸನ್‌ರೂಫೂ ಉಂಟು, ಟೀವಿಯೂ ಉಂಟು. ನಡುಸಾಲಿನಲ್ಲಿ ಎರಡು ಬಿಡಿ ಸೀಟು, ಒಂದೊಂದೂ ಸಿಂಹಾಸನ. ಕೇಡು ಇದ್ದದ್ದೇ ಅಲ್ಲಿ. ಸಿಂಹಾಸನ ಎರಡೇ ಆದ್ದರಿಂದ ಒಟ್ಟು ಸೀಟು ಏಳೇ. ನಡುವೆ ಮೂವರು ಕೂರುವ ಉದ್ದ ಸೀಟು ಬೇಕೆಂದರೆ ಅದು ಕೆಳಗಿನ ಮಾಡೆಲ್. ಸನ್‌ರೂಫಿಲ್ಲ, ಟೀವಿಯಿಲ್ಲ, ಬೋಳು ಬೋಳು.

"ಏಳೇ ಸಾಕು, ಬಂಗಾರದಂಥ ಗಾಡಿ" ಎಂದರು ಅಜ್ಜಿ. ಅವಳಿಗಳು ಹೋ ಎಂದರು. ಕನ್ನಡಕದವಳು ಡ್ರೈವರನ ಮುಖ ನೋಡಿದಳು.

ಷೋರೂಮಿನ ಹಿಂದೆ ಉಬ್ಬುತಗ್ಗು ಮಾಡಿದ ಸಣ್ಣ ರಸ್ತೆಯಿತ್ತು. ಒಂದು ಸುತ್ತು ಹಾಕಿಕೊಂಡು ಬನ್ನಿ ಎಂದ ಸೇಲ್ಸ್‌ನವನು. ಮಕ್ಕಳು ಧಡಧಡ ಹತ್ತಿದರು. ಕನ್ನಡಕದವಳು ಕೊನೆಯ ಸಾಲಿನಲ್ಲಿ ಅವಳಿಗಳ ಮಧ್ಯೆ ತೂರಿಕೊಂಡಳು. ಡ್ರೈವರ್ ತಿರುಗಿ ನೋಡಿದ. ಬಸ್ಸಿನಲ್ಲಿ ಅವನು ನೋಡುವುದು ಮಕ್ಕಳ ಮುಖವನ್ನಲ್ಲ, ಸೀಟನ್ನು. ಸೀಟು ಖಾಲಿ ಇದ್ದರೆ ಯಾರೋ ಬಂದಿಲ್ಲ, ಭರ್ತಿಯಾಗಿದ್ದರೆ ಎಲ್ಲರೂ ಬಂದರು ಎಂದರ್ಥ. ಇಷ್ಟು ವರ್ಷದಲ್ಲಿ ಒಂದು ಮಗುವನ್ನೂ ಬಿಟ್ಟು ಹೋದವನಲ್ಲ. "ಭರ್ತಿ! ರೈಟ್!" ಎಂದ. ಸೇಲ್ಸ್‌ನವನು ಮುಂದೆ ನಿಂತು, ಕೀಲಿಯ ಗುಂಡಿ ಒತ್ತಿದರೆ ತೆರೆದಿದ್ದ ಹಿಂಬಾಗಿಲು ತಾನೇ ಮುಚ್ಚಿಕೊಳ್ಳುವ ಚಮತ್ಕಾರ ತೋರಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಗಾಡಿ ಹೊರಟಿತು.

ಮೊದಲನೇ ಉಬ್ಬು ಮೆತ್ತಗೆ ದಾಟಿತು. ಎರಡನೆಯದರ ಮೇಲೆ ಗಾಡಿ ಎಗರಿತು ನೋಡಿ, ಕನ್ನಡಕದವಳ ಕಿವಿಯ ಹಿಂದೆಯೇ ದನಿಯೊಂದು ಕೂಗಿತು.

"ನಿಧಾನ ಅಳಿಯಂದ್ರೇ! ಸೊಂಟ ಹೋಯ್ತು!"

ಅವಳಿಗಳು ತಿರುಗಿ ನೋಡಿ, "ಅಯ್ಯೋ, ಅಜ್ಜಿ ಡಿಕ್ಕೀಲಿ!" ಎಂದು ಕಿರುಚಿದರು. ಡ್ರೈವರ್ ಬ್ರೇಕು ಒತ್ತಿದ ರಭಸಕ್ಕೆ ಅಜ್ಜಿಯ ಕೈಚೀಲ ಹಾರಿ ಬಂದು ಪ್ರೊಫೆಸರನ ತಲೆಗೆ ಬಿತ್ತು. ಎಲ್ಲರೂ ಬಿದ್ದು ಬಿದ್ದು ನಗುತ್ತ ಇಳಿದರು. ಡ್ರೈವರ್ ಒಬ್ಬ ಮಾತ್ರ ಬೆವರುತ್ತಿದ್ದ. "ಸೀಟೆಲ್ಲ ಭರ್ತಿ ಇತ್ತಲ್ಲ" ಎಂದು ತಾನೇ ತನಗೆ ಹೇಳಿಕೊಳ್ಳುತ್ತ ಹಿಂಬಾಗಿಲು ತೆಗೆದ. ಅಜ್ಜಿ ಕಾಲು ಮಡಚಿ, ಸೆರಗು ಸರಿ ಮಾಡಿಕೊಂಡು, ಪಟ್ಟಕ್ಕೆ ಕೂತವರ ಗತ್ತಿನಲ್ಲಿ ಕೂತಿದ್ದರು.

"ಇಲ್ಲಿ ಯಾಕೆ ಹತ್ತಿದ್ರಿ ಅಮ್ಮಾ?" ಎಂದಳು ಕನ್ನಡಕದವಳು, ಕಣ್ಣೊರೆಸಿಕೊಳ್ಳುತ್ತ.

"ಒಂದು ದಿಂಬು ಹಾಕಿದ್ರೆ ಕೂರೋಕಾಗುತ್ತಾ ಅಂತ ನೋಡ್ತಿದ್ದೆ" ಎಂದರು ಅಜ್ಜಿ.

ನಗು ಅಲ್ಲಿಗೇ ನಿಂತಿತು.

"ನೀವು ಬರಲ್ಲ ಅಂದಿದ್ರಲ್ಲ?"

"ಮತ್ತೇನನ್ನಲಿ? ಬನ್ನಿ ಅಂತ ಕರೆದವರು ಯಾರು?"

"ನಿಮಗೋಸ್ಕರಾನೇ ಅಮ್ಮಾ ಎಂಟು ಸೀಟು ಹುಡುಕ್ತಿರೋದು! ಊರಲ್ಲಿರೋ ಷೋರೂಮೆಲ್ಲ ಅಲೆದೆ!"

"ಷೋರೂಮಿನವರಿಗೆಲ್ಲ ಹೇಳಿದ್ರಿ" ಎಂದರು ಅಜ್ಜಿ. "ನನಗೆ ಹೇಳಿದ್ರಾ?"

ಹೌದಲ್ಲ! ಮೂರು ಬಣ್ಣದ ಗಾಡಿಯ ಇಂಚಿಂಚನ್ನೂ ವಿಚಾರಿಸಿದ ಮಹರಾಯಿತಿಗೆ ಆ ಒಂದು ಮಾತು ಕೇಳಲು ಬಾಯಿ ಬಂದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು, ಯಾವುದು ಎಷ್ಟೆಂದು ತಿಳಿಯಲಿಲ್ಲ. ಡಿಕ್ಕಿಯ ಅಂಚು ಹಿಡಿದುಕೊಂಡು, "ಅಮ್ಮಾ, ಬನ್ನಿ. ನಮ್ಮ ಜೊತೆ ಇರಿ. ನೀವಿಲ್ಲದಿದ್ರೆ ನನಗೆ ಈ ಮದುವೇನೂ ಬೇಡ, ಗಾಡೀನೂ ಬೇಡ" ಎಂದಳು.

ಅವಳಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸನ್‌ರೂಫ್ ಬೇಡ ಬಿಡಿ, ಕಿಟಕೀಲಿ ನೋಡಿದ್ರೂ ಆಕಾಶ ಕಾಣುತ್ತೆ" ಎಂದಳು ಒಬ್ಬಳು. ಟೀವಿ ಹೋಯಿತೆಂದು ಕನ್ನಡಕದವಳ ಮಗಳು ಒಂದು ಗಳಿಗೆ ಮುಖ ಊದಿಸಿದಳು, ಆಮೇಲೆ ಅವಳೂ ತಲೆಯಾಡಿಸಿದಳು. ಬೋಳು ಗಾಡಿಯಲ್ಲಿ ಕೆಟ್ಟುಹೋಗುವ ಸಾಮಾನೇ ಕಡಿಮೆ ಎಂದು ಪ್ರೊಫೆಸರ್ ಅದಕ್ಕೂ ಒಂದು ಕಾರಣ ಕೊಟ್ಟ.

ಅಷ್ಟರಲ್ಲಿ ಸೇಲ್ಸ್‌ನವನು ಏದುಸಿರು ಬಿಡುತ್ತ ಓಡಿ ಬಂದ. "ಸಾರಿ ಮೇಡಂ, ನಾನು ನೋಡಲೇ ಇಲ್ಲ! ಇವರು ನಿಮ್ಮ ತಾಯಿನಾ, ಅತ್ತೆನಾ?" ಎಂದು ಕೇಳಿದ.

ಕನ್ನಡಕದವಳು ಬಾಯಿ ತೆರೆದಳು. ಏನೆಂದು ಹೇಳುವುದು?

"ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದು ಗದರಿದರು ಅಜ್ಜಿ. "ಇವರು ನನ್ನ ಅಳಿಯ. ಅಳಿಯನ ಹೆಂಡತಿ ನನಗೇನಾಗಬೇಕು? ಮಗಳು ತಾನೇ?"

ಕನ್ನಡಕದವಳು ಅಲ್ಲೇ, ಅಷ್ಟು ಜನರ ಎದುರಿಗೆ, ಗೊಳೋ ಎಂದು ಅತ್ತುಬಿಟ್ಟಳು. ಅಜ್ಜಿ ಎರಡೂ ಕೈ ಚಾಚಿದರು.

"ಅಳೋದು ಆಮೇಲೆ ಕಣೇ. ಕಾಲು ಜೋಮು ಹಿಡಿದಿದೆ, ಮೊದಲು ಅಮ್ಮನ್ನ ಕೆಳಗಿಳಿಸು."