ತುಟಿಗೆ ತಕ್ಕ ಮಾತು

ತರಬೇತಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಗೊರಕೆ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಬಂದು ಹಿಂದಿನ ಬೆಂಚಿನಲ್ಲಿ ತೋಳಿನ ಮೇಲೆ ತಲೆಯಿಟ್ಟಳೆಂದರೆ ಮನೆಗೆ ಹೋಗುವ ಗಂಟೆ ಹೊಡೆದಾಗಲೇ ಏಳುವುದು. ಹದಿನೇಳರ ಹುಡುಗಿ. ಗಣಿತದಲ್ಲಿ ಎರಡೆರಡು ಸಲ ಫೇಲಾಗಿ, ಶಾಲೆ ಬಿಟ್ಟು ಮನೆಯ ಮೂಲೆ ಹಿಡಿದಿದ್ದವಳನ್ನು ಅಮ್ಮ ಕೈಹಿಡಿದು ಎಳೆದು ತಂದು ಇಲ್ಲಿ ಸೇರಿಸಿದ್ದಳು. ಅಪ್ಪ ಸಿಟಿ ಬಸ್ಸಿನ ಡ್ರೈವರ್. ಮೊದಮೊದಲು ಬಂದ ನೆಂಟರ ಮುಂದೆಲ್ಲ "ನಮ್ಮನೇಲಿ ಕುಂಭಕರ್ಣನ ತಂಗಿ ಇದಾಳೆ" ಎನ್ನುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಎದುರಿಗೇ ಊಟಕ್ಕೆ ಕೂತಿದ್ದರೂ "ಉಪ್ಪು ಈ ಕಡೆ ಕೊಡೋಕೆ ಹೇಳು ಅವಳಿಗೆ" ಎಂದು ಹೆಂಡತಿಯ ಮುಖಾಂತರವೇ ಮಾತು.

ಕೇಂದ್ರವಿದ್ದದ್ದು ಹಳೆಯ ಗೋದಾಮಿನಲ್ಲಿ. ಕೆಳಗೆ ಹೊಲಿಗೆ ಮತ್ತು ವೈರಿಂಗ್ ಕಲಿಸುತ್ತಿದ್ದರು. ಮೇಲಿನ ಕೋಣೆಯಲ್ಲಿ ಓದು ಬರಹ. ಮೇಲಿನ ಕೋಣೆಗೆ ಹುಡುಗರು ಬರುತ್ತಿದ್ದದ್ದು ಹಾಜರಿಗೆ ಮಾತ್ರ. ಅವರಲ್ಲಿ ದೊಡ್ಡ ಗಂಟಲಿನ ಹುಡುಗನೊಬ್ಬನಿದ್ದ. ಅವನು ಮೆಟ್ಟಿಲ ಬುಡದಲ್ಲಿ ಪಿಸುಗುಟ್ಟಿದರೂ ಮೇಲೆ ಕೇಳಿಸುತ್ತಿತ್ತಾದ್ದರಿಂದ ಅವನಿಗೆ ಸೈಲೆನ್ಸರ್ ಎಂದು ಹೆಸರು ಬಿದ್ದಿತ್ತು. ಟೀಚರ್ ಪಾಠ ಶುರುಮಾಡಿದರೆ ಅವನು ಆಕಳಿಸುತ್ತಿದ್ದ, ಉಳಿದವರು ಕಿಟಕಿಯಾಚೆ ನೋಡುತ್ತಿದ್ದರು. ಗೋಡೆಗಾದರೂ ಪಾಠ ಮಾಡಬಹುದು, ಗೋಡೆ ಆಕಳಿಸುವುದಿಲ್ಲ ಎಂದು ಟೀಚರಿಗೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಅವರು ಪುಸ್ತಕ ಮುಚ್ಚಿಟ್ಟು ಟಿವಿ ಹಾಕಿದರು. ಮನೆಯಿಂದ ತಂದಿದ್ದ ಯಾವುದೋ ಪರದೇಶದ ಹಳೆಯ ಸಿನಿಮಾ. ದೋಣಿ ಕಟ್ಟುವ ಮುದುಕನೊಬ್ಬ, ಜಗಳವಾಡಿ ಮನೆ ಬಿಟ್ಟು ಹೋಗುವ ಅವನ ಮಗಳು. ಭಾಷೆ ಒಬ್ಬರಿಗೂ ಅರ್ಥವಾಗಲಿಲ್ಲ.

"ಏನಂತೆ ಅವನ ಗೋಳು?" ಎಂದ ಸೈಲೆನ್ಸರ್.

ಹಿಂದಿನ ಬೆಂಚಿನಿಂದ ಉತ್ತರ ಬಂತು. "ಸ್ನಾನಕ್ಕೆ ಬಿಸಿನೀರು ಕೇಳಿ ಅರ್ಧ ಗಂಟೆ ಆಯ್ತು, ಈ ಮನೇಲಿ ನನ್ನ ಮಾತಿಗೆ ಕಿಮ್ಮತ್ತಿಲ್ಲ."

ತಲೆಯೆತ್ತದೆ, ಒಂದೇ ಕಣ್ಣು ತೆರೆದು, ಗೊರಕೆ ಹೇಳಿದ್ದಳು. ಪರದೆಯ ಮೇಲಿನ ಮುದುಕ ಸರಿಯಾಗಿ ಅಷ್ಟೇ ಹೊತ್ತು ಬಾಯಾಡಿಸಿ ಸುಮ್ಮನಾಗಿದ್ದ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಟೀಚರ್ ಎದ್ದುಹೋಗಿ ಟಿವಿಯ ಸದ್ದನ್ನು ಪೂರ್ತಿ ಅಡಗಿಸಿದರು.

"ಮಗಳು ಏನಂತಾಳೆ ಈಗ?" ಎಂದು ಕೇಳಿದರು.

ಗೊರಕೆ ಎದ್ದು ಕೂತಳು.

ಸಿನಿಮಾ ಪೂರ್ತಿಗೆ ನಮ್ಮದೇ ಮಾತು ಕೊಡೋಣ, ಎಲ್ಲರ ಮನೆಯವರನ್ನೂ ಕರೆದು ತೋರಿಸೋಣ ಎಂದು ಆವತ್ತೇ ತೀರ್ಮಾನವಾಯಿತು. ಮುದುಕನ ಪಾತ್ರ ಸೈಲೆನ್ಸರನಿಗೆ, ಮಗಳದು ಗೊರಕೆಗೆ. ಬಾಯಿಗೆ ಬಂದದ್ದು ಹೇಳಿದರಾಯಿತು ಎಂದುಕೊಂಡಿದ್ದರು. ಆದರೆ ಎಷ್ಟು ಹೇಳಿದರೂ ಮಾತು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಯಾಕೆ ಎಂದು ಕಂಡುಹಿಡಿದವಳು ಗೊರಕೆ. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ನೋಡಿ ನೋಡಿ, "ಟೀಚರ್, ಅವನು ತುಟಿ ಮುಚ್ಚಿದಾಗ ನಾವು 'ಕ' ಅಂದ್ರೆ ಹೇಗೆ ಕೂರುತ್ತೆ? ಪ, ಬ, ಮ ಇದ್ರೆ ಮಾತ್ರ ತುಟಿ ಸೇರೋದು" ಎಂದಳು. ಟೀಚರ್ ತಾವೇ ಪಪ್ಪಪ, ಬಬ್ಬಬ ಎಂದು ಹೇಳಿ ನೋಡಿಕೊಂಡು, "ಹೌದಲ್ಲೇ! ಇಷ್ಟು ವರ್ಷ ಕಲಿಸಿದ್ದೀನಿ, ನಂಗೇ ಹೊಳೆದಿರಲಿಲ್ಲ" ಎಂದರು.

ಅಲ್ಲಿಂದ ಶುರುವಾಯಿತು ಪದಗಳ ಬೇಟೆ. 'ಕೋಪ' ಕೂರಲಿಲ್ಲ, 'ಮುನಿಸು' ಕೂತಿತು. 'ಹೋಗು' ಆಗಲಿಲ್ಲ, 'ಬಿಡು' ಆಯಿತು. ಪುಸ್ತಕವೆಂದರೆ ದಿಂಬು ಎಂದುಕೊಂಡಿದ್ದ ಹುಡುಗಿ ನಿಘಂಟು ಹಿಡಿದು 'ಬ'ದಿಂದ ಶುರುವಾಗುವ ಬೈಗುಳ ಹುಡುಕಿದಳು. ಹುಡುಗರು ಬರೆದರು, ಹೊಡೆದುಹಾಕಿದರು, ಜಗಳವಾಡಿದರು, ಮತ್ತೆ ಬರೆದರು. ಕೇಂದ್ರದ ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತು ಕಾಯತೊಡಗಿದರು.

ಕೇಂದ್ರದ ಮೇಲ್ವಿಚಾರಕರಿಗೆ ಇದು ಹಿಡಿಸಲಿಲ್ಲ. "ಸಿನಿಮಾ ನೋಡೋಕೆ ಥಿಯೇಟರಿದೆ ಮೇಡಂ. ಇಲ್ಲಿ ಪಾಠ ಆಗ್ಬೇಕು" ಎಂದರು.

"ಆಗ್ತಿದೆ ಸರ್. ಒಂದ್ಸಲ ಬಂದು ಕೂತ್ಕೊಳ್ಳಿ."

ಅವರು ಬಾಗಿಲಲ್ಲೇ ನಿಂತು ನೋಡಿದರು. ಒಳಗೆ 'ಬವಣೆ'ಯೋ 'ಭಾವನೆ'ಯೋ ಎಂದು ಸೈಲೆನ್ಸರನಿಗೂ ಗೊರಕೆಗೂ ದೊಡ್ಡ ವಾದ ನಡೆದಿತ್ತು. ಸ್ವಲ್ಪ ಹೊತ್ತು ಕೇಳಿಸಿಕೊಂಡ ಮೇಲ್ವಿಚಾರಕರು, "ಬವಣೆ ಅಂದ್ರೆ ಕಷ್ಟ ಕಣ್ರೋ" ಎಂದು ಹೇಳಿ ಇಳಿದುಹೋದರು. ಮಾರನೆಯ ದಿನ ಕೆಳಗಿನ ಹಾಲಿಗೆ ಕುರ್ಚಿ ಹಾಕಿಸಲು ಅವರೇ ಹೇಳಿದರು.

ಪ್ರದರ್ಶನದ ದಿನ ಕೆಳಗಿನ ಹಾಲ್ ತುಂಬಿತು. ಗೊರಕೆಯ ಅಪ್ಪ ಡ್ಯೂಟಿ ಮುಗಿಸಿ, ಖಾಕಿಯಲ್ಲೇ, ಹೆಂಡತಿಯ ಕಾಟಕ್ಕೆ ಬಂದು ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತ. ಪರದೆಯ ಪಕ್ಕದಲ್ಲಿ ಮೈಕುಗಳ ಮುಂದೆ ಹುಡುಗರು ನಿಂತರು. ಮೊದಲ ಮಾತಿಗೇ ನಗು ಬಂತು. ಮುದುಕ ಬಿಸಿನೀರಿಗೆ ಕೂಗಾಡಿದಾಗ ಹೆಂಗಸರೆಲ್ಲ ತಂತಮ್ಮ ಗಂಡಂದಿರ ಕಡೆ ತಿರುಗಿದರು.

ಅರ್ಧ ಸಿನಿಮಾ ಆಗಿತ್ತೇನೋ. ಮುದುಕನೊಡನೆ ಜಗಳವಾಡಿ ಮಗಳು ಮನೆ ಬಿಡುವ ದೃಶ್ಯ. ವಾರವಿಡೀ ಅಭ್ಯಾಸದಲ್ಲಿ ಕಿರುಚಾಡಿದ್ದ ಸೈಲೆನ್ಸರನ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಪರದೆಯ ಮೇಲೆ ಮುದುಕ ಸದ್ದಿಲ್ಲದೆ ಬಾಯಿ ಬಡಿದುಕೊಳ್ಳುತ್ತಿದ್ದ. ಯಾರೋ ಸಿಳ್ಳೆ ಹಾಕಿದರು. ಸೈಲೆನ್ಸರ್ ಬೆವರಿ, ಕಣ್ಣಲ್ಲೇ ಗೊರಕೆಯನ್ನು ಬೇಡಿಕೊಂಡ.

ಗೊರಕೆ ಅವನ ಮೈಕನ್ನೂ ಕೈಗೆ ತೆಗೆದುಕೊಂಡಳು. ಗಂಡು ದನಿ ಎಲ್ಲಿಂದ ತರುವುದು ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಒಂದೇ ಗಂಡು ದನಿ ತಾನಾಗಿ ಹೊರಬಂತು. "ಬಾಗಿಲ ಹತ್ರ ನಿಲ್ಬೇಡಿ, ಮುಂದೆ ಹೋಗಿ, ಮುಂದೆ ಹೋಗಿ ಅಂತ ಬಡ್ಕೋತಾ ಇದೀನಿ, ಕಿವಿ ಇಲ್ವಾ?"

ದಿನವೂ ಅವಳಪ್ಪನ ಬಸ್ಸಿನಲ್ಲಿ ಓಡಾಡುವವರು ಹಾಲಿನಲ್ಲಿ ಬೇಕಾದಷ್ಟು ಜನರಿದ್ದರು.  ಛಾವಣಿ ಹಾರುವಂಥ ನಗು ಎದ್ದಿತು. ತಲೆಗಳೆಲ್ಲ ಕೊನೆಯ ಸಾಲಿಗೆ ತಿರುಗಿದವು. ಅಪ್ಪನ ಕಿವಿ ಕೆಂಪಾಯಿತು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗಳು ನಿಲ್ಲಲಿಲ್ಲ. ಒಂದು ಮೈಕಿನಲ್ಲಿ ಬೈದಳು, ಇನ್ನೊಂದರಲ್ಲಿ ತಿರುಗಿ ಬೈದಳು, ಒಂದು ತುಟಿಯೂ ತಪ್ಪಲಿಲ್ಲ.

ಕೊನೆಯ ದೃಶ್ಯದಲ್ಲಿ ಮಗಳು ಮರಳಿ ಬಂದು ಬಾಗಿಲು ತಟ್ಟುತ್ತಾಳೆ. ಮುದುಕ ತೆರೆಯುತ್ತಾನೆ. ಅವನು ತುಟಿ ಮುಚ್ಚಿ ತೆರೆಯುವುದು ಎರಡೇ ಸಲ. ಅಲ್ಲಿಗೆ ಏನು ಹಾಕಿದರೂ ಸರಿಹೋಗದೆ, ಬೇಸತ್ತು, "ಬಂದ್ಯಾಮ್ಮ" ಎಂದು ಬರೆದಿಟ್ಟಿದ್ದರು. ಅದೂ ಒಂಚೂರು ಉದ್ದವಾಗುತ್ತಿತ್ತು. ಗೊರಕೆ ಮುದುಕನ ಮುಖ ನೋಡುತ್ತ ನಿಂತಳು. ತುಟಿ ಮುಚ್ಚಿತು.

"ಬಾಮ್ಮ," ಎಂದಳು, ಅಪ್ಪನ ದನಿಯಲ್ಲಿ, ಆದರೆ ಬಹಳ ಮೆಲ್ಲಗೆ.

ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಹಾಲಿನಲ್ಲಿ ಯಾರೂ ನಗಲಿಲ್ಲ. ದೀಪ ಹಾಕಿದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ಹೊಡೆದವರು ಮೇಲ್ವಿಚಾರಕರು. ಆಮೇಲೆ ಕುರ್ಚಿಗಳೆಲ್ಲ ಕಿರುಗುಟ್ಟಿದವು. ಸೈಲೆನ್ಸರ್ ದನಿಯಿಲ್ಲದ ಬಾಯಲ್ಲಿ ಏನೋ ಕೂಗುತ್ತ ಕುಣಿಯುತ್ತಿದ್ದ.

ಹೊರಗೆ ಗೇಟಿನ ಬಳಿ ಅಪ್ಪ ಕಾಯುತ್ತಿದ್ದ. ಗಂಟಲು ಸರಿಮಾಡಿಕೊಂಡು ನೇರವಾಗಿ ಅವಳನ್ನೇ ಕೇಳಿದ: "ನನ್ನ ದನಿ ಅಷ್ಟು ಒರಟಾ?"

"ಇನ್ನೂ ಒರಟು ಅಪ್ಪ. ನಾನು ಸ್ವಲ್ಪ ಕಮ್ಮಿ ಮಾಡಿ ಹೇಳ್ದೆ."

ಅಪ್ಪನ ಮೀಸೆಯಡಿ ನಗು ಅಡಗಲಿಲ್ಲ. "ಕೊನೇದು ಚೆನ್ನಾಗಿತ್ತು," ಎಂದ. ಮನೆಯವರೆಗೂ ಮೂವರೂ ನಡೆದೇ ಹೋದರು. ದಾರಿಯುದ್ದಕ್ಕೂ ಅಪ್ಪ ಮಗಳೇ ಮಾತಾಡಿದರು, ಅಮ್ಮನಿಗೆ ಬಾಯಿ ಹಾಕಲು ಸಂದು ಸಿಗಲಿಲ್ಲ.

ಪ್ರೇಕ್ಷಕರಲ್ಲಿ ರೆಕಾರ್ಡಿಂಗ್ ಸ್ಟುಡಿಯೋದವರೊಬ್ಬರಿದ್ದರು. ಅವರು ಗೊರಕೆಯನ್ನೂ ಗಂಟಲು ವಾಸಿಯಾದ ಮೇಲೆ ಸೈಲೆನ್ಸರನನ್ನೂ ಕರೆಸಿ ದನಿ ಪರೀಕ್ಷೆ ಮಾಡಿದರು. ಮಕ್ಕಳ ಕಾರ್ಟೂನಿನಲ್ಲಿ ಗೊರಕೆಗೆ ಮೇಕೆಯ ಪಾತ್ರ ಸಿಕ್ಕಿತು. ಬೆಳಗ್ಗೆ ಗಣಿತ, ಮಧ್ಯಾಹ್ನ ಮೇಕೆ ಎಂದು ಅವಳೇ ವೇಳೆ ಹೊಂದಿಸಿಕೊಂಡಳು. ಆ ವರ್ಷ ಗಣಿತವೂ ಪಾಸಾಯಿತು. ಮೇಲಿನ ಕೋಣೆಯಲ್ಲಿ ಟೀಚರ್ ಹೊಸ ಹುಡುಗರ ಮುಂದೆ ಇನ್ನೊಂದು ಸಿನಿಮಾದ ಸದ್ದು ಅಡಗಿಸಿದ್ದರು.

ಕಾರ್ಟೂನು ಟಿವಿಯಲ್ಲಿ ಬಂದ ದಿನ ಬಸ್ಸು ಟರ್ಮಿನಲ್ಲಿನಲ್ಲಿ ನಿಂತಿತ್ತು. ಎದುರಿನ ಅಂಗಡಿಯ ಟಿವಿಯಲ್ಲಿ ಮೇಕೆಯೊಂದು ಹುಲಿಗೆ ದಬಾಯಿಸುತ್ತಿತ್ತು. ಅಪ್ಪ ಇಂಜಿನ್ ಆರಿಸಿ, ಸೀಟಿನಿಂದ ಎದ್ದು, ತುಂಬಿದ ಬಸ್ಸಿನತ್ತ ತಿರುಗಿ ನಿಂತ.

"ಎಲ್ಲರೂ ಒಂಚೂರು ಆ ಕಡೆ ನೋಡಿ," ಎಂದ. "ಆ ಮೇಕೆ ನನ್ನ ಮಗಳು."