ನೀರುಗಂಟಿಯ ಕೈ

ಕಲ್ಲಪ್ಪ ಊರ ಕೆರೆಯ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವನ ಮಾತಿನ ಮೇಲೆ. ತೂಬಿನ ಹತ್ತಿರ ಬಂದು ಯಾರು ಗೋಗರೆದರೂ ಜಗ್ಗುವ ಆಸಾಮಿಯಲ್ಲ. ಒಡಹುಟ್ಟಿದ ಅಣ್ಣನಾದರೂ ಸರದಿ ಸರದಿಯೇ. ಅಂಥವನ ಕೈಯಲ್ಲಿ, ಎಂಬತ್ತೆರಡರ ಮುಂಗಾರಿನ ಒಂದು ಮಧ್ಯಾಹ್ನ, ಸಲೈನ್ ಬಾಟಲಿ ಇತ್ತು.

ಅಜ್ಜಂಪುರದ ಪಕ್ಕದ ಗದ್ದೆಯಲ್ಲಿ ಟ್ರ್ಯಾಕ್ಟರಿನ ಕಬ್ಬಿಣದ ಚಕ್ರ ಅಣ್ಣ ತಮ್ಮಯ್ಯನ ತೊಡೆ ಸೀಳಿತ್ತು. ತರೀಕೆರೆಯ ಡಾಕ್ಟರು ಗಾಯದೊಳಗೆ ಬಟ್ಟೆ ತುರುಕಿ, ಬಿಗಿದು ಕಟ್ಟಿ, ಕೈಗೆ ಬಾಟಲಿ ಏರಿಸಿ, ಕೊಡಲು ಇಲ್ಲಿ ರಕ್ತವಿಲ್ಲ, ಶಿವಮೊಗ್ಗಕ್ಕೆ ಓಡಿ ಎಂದಿದ್ದರು. ಕಾರು ಹೊರಡುವಾಗ ಕಿಟಕಿಯೊಳಗೆ ತಲೆ ಹಾಕಿ ಕೊಳವೆಯ ಮೇಲೆ ಹನಿ ಹೆಚ್ಚು ಕಡಿಮೆ ಮಾಡುವ ಪುಟ್ಟ ಗಾಲಿ ತೋರಿಸಿದ್ದರು.

"ಇದನ್ನ ಮುಟ್ಟಬೇಡಿ. ನಾಡಿ ಸಣ್ಣಗಿದೆ, ಇರ್ಲಿ. ಅಲ್ಲಿ ಸೇರೋವರೆಗೆ ಜೀವ ಹಿಡ್ಕೊಂಡಿದ್ರೆ ಸಾಕು."

ಹಿಂದಿನ ಸೀಟಿನಲ್ಲಿ ಅತ್ತಿಗೆ ಹುಲಿಗೆಮ್ಮನ ಮಡಿಲಲ್ಲಿ ಅಣ್ಣನ ತಲೆ. ಮುಖ ಸುಣ್ಣ ಬಳಿದ ಹಾಗೆ. ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತ ಕಲ್ಲಪ್ಪ ಬಾಟಲಿ ಎತ್ತಿ ಹಿಡಿದಿದ್ದ. ಡ್ರೈವರ್ ಮಂಜಪ್ಪ ಬಾಯಿ ಮುಚ್ಚಿದವನೇ ಅಲ್ಲ, ಅವತ್ತು ಹಾರನ್ ಬಿಟ್ಟರೆ ಅವನ ಕಡೆಯಿಂದ ಸದ್ದಿಲ್ಲ.

ದಾರಿಯಲ್ಲಿ ತಮ್ಮಯ್ಯ ಕಣ್ಣು ಬಿಟ್ಟ.

"ಲೇ ಕಲ್ಲ, ಇಲ್ಲೂ ಅದೇ ಬುದ್ಧಿಯೇನೋ? ನಂಗೆ ಹನಿ ಹನಿ ಬಿಡ್ತಿದ್ದೀಯಲ್ಲ."

ಕಲ್ಲಪ್ಪನಿಗೆ ನಗು ಬಂತು. ಹೋದ ವರ್ಷ ಅಣ್ಣನ ಪೈರು ಬಾಡುತ್ತಿದ್ದಾಗಲೂ ತೂಬು ಎತ್ತಿರಲಿಲ್ಲ ಅವನು.

"ಅಷ್ಟು ನೀರು ಹೋಗಿದ್ದಕ್ಕೇ ಮಾತಾಡಿದ್ರು," ಅಂದಳು ಹುಲಿಗೆಮ್ಮ. "ಇನ್ನೊಂಚೂರು ಬಿಡು ಕಲ್ಲಪ್ಪ."

ಕಲ್ಲಪ್ಪ ಡಾಕ್ಟರ ಮಾತು ನೆನಪಿಸಿದ. ಅವಳು ಅವನ ಮುಖವನ್ನೇ ನೋಡಿದಳು. ಅವನ ಹೆಬ್ಬೆರಳು ತಾನಾಗಿ ಗಾಲಿ ತಿರುಗಿಸಿತು. ಹನಿ ಧಾರೆಯಾಯಿತು.

ತಮ್ಮಯ್ಯನ ತುಟಿಗೆ ಬಣ್ಣ ಬಂತು. ಎಲೆ ಅಡಿಕೆ ಕೇಳಿದ. ಮಂಜಪ್ಪನಿಗೂ ನಾಲಿಗೆ ಬಂದು, ನಿಮ್ಮಣ್ಣ ಗಟ್ಟಿ ಪಿಂಡ ಕಣ್ರೀ ಎಂದು ಶುರುಮಾಡಿದ.

ಭದ್ರಾವತಿ ದಾಟಿದ ಮೇಲೆ ಕಲ್ಲಪ್ಪನ ಪಾದ ಒದ್ದೆಯಾಯಿತು. ಕೊಳವೆ ಸೋರುತ್ತಿದೆ ಅಂದುಕೊಂಡ. ಆದರೆ ಅದು ಬೆಚ್ಚಗಿತ್ತು. ಬಗ್ಗಿ ನೋಡಿದರೆ ಕಟ್ಟಿನ ಬಟ್ಟೆಯೆಲ್ಲ ಕೆಂಪು.

ಕೆರೆಯ ಏರಿ ಒಡೆದಾಗ ಮಣ್ಣು ತುಂಬಿ ಮುಚ್ಚಿದ ಜಾಗ ಗಟ್ಟಿಯಾಗುವ ತನಕ, ಕೆರೆಗೆ ನೀರು ನುಗ್ಗದಂತೆ ಹಗಲೂ ರಾತ್ರಿ ಹಳ್ಳ ಕಾದವನು ತಾನೇ. ಹಸಿ ಮಣ್ಣು ರಭಸ ತಡೆಯದು ಎಂದು ಊರಿಗೆಲ್ಲ ಹೇಳಿದವನೂ ತಾನೇ. ಇವತ್ತು ಹಸಿ ಗಾಯಕ್ಕೆ ನೀರು ನುಗ್ಗಿಸಿದವನೂ ತಾನೇ.

ಗಾಲಿ ಹಿಂದಕ್ಕೆ ತಿರುಗಿಸಿದ. ರಕ್ತ ನಿಲ್ಲಲಿಲ್ಲ.

"ಚಳಿ ಕಣೋ," ಅಂದ ತಮ್ಮಯ್ಯ.

ಹುಲಿಗೆಮ್ಮ ಸೆರಗು ಹೊದಿಸಿ, ನಿದ್ದೆ ಬಂದಿದೆ, ಮಾತಾಡಿಸಬೇಡ ಎಂದು ಸನ್ನೆ ಮಾಡಿದಳು. ಕಲ್ಲಪ್ಪ ಬಾಟಲಿಯನ್ನು ಅವಳ ಕೈಗೆ ಕೊಟ್ಟು ಗಾಯದ ಮೇಲೆ ಎರಡೂ ಅಂಗೈ ಊರಿದ. ಕೆಳಗಿಂದ ರಕ್ತ ಒತ್ತಿ ಒತ್ತಿ ಬರುತ್ತಿತ್ತು. ಮಂಜಪ್ಪ ಇನ್ನೂ ಏನೋ ಹೇಳಿ ನಗುತ್ತಿದ್ದ. ಆಮೇಲೆ ಆ ಒತ್ತು ನಿಧಾನವಾಯಿತು. ಕೆರೆ ಬರಿದಾಗುವಾಗ ತೂಬಿನ ಬಾಯಲ್ಲಿ ನೀರು ಹೇಗೆ ನಿಧಾನವಾಗುತ್ತದೆ ಎಂದು ಕಲ್ಲಪ್ಪನಿಗೆ ಗೊತ್ತಿತ್ತು. ಕೈ ತೆಗೆಯಲಿಲ್ಲ.