ನನ್ನ ಚೈನು ಬಿದ್ದಿರಲಿಲ್ಲ

ನಾನು ಒಂದು ಲೇಡೀಸ್ ಸೈಕಲ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನನ್ನ ಆಯುಷ್ಯದ ಬಹುಪಾಲು ನನ್ನ ಮೇಲೆ ಕೂತು ಮೆರೆದದ್ದು ಒಬ್ಬ ಗಂಡಸು.

ಹುಟ್ಟಿದ್ದು ಪಂಜಾಬಿನ ಯಾವುದೋ ಕಾರ್ಖಾನೆಯಲ್ಲಿ, ಅದೂ ಬಿಡಿಬಿಡಿಯಾಗಿ. ಗೋಣಿತಾಟಿನಲ್ಲಿ ಸುತ್ತಿಸಿಕೊಂಡು ಕಡೂರಿಗೆ ಬಂದ ಮೇಲೆ ನನ್ನನ್ನು ಜೋಡಿಸಿ ನಿಲ್ಲಿಸಿದವರು ಸೈಕಲ್ ಶಾಪಿನ ಬಾಷಾ ಸಾಬರು. ಚೈನಿನ ಸುತ್ತ ಪೂರ್ತಿ ಮುಚ್ಚುವ ತಗಡಿನ ಕವರ್ ಹಾಕಿ, ಅದರ ಮೇಲೆ ಎರಡು ಸಲ ತಟ್ಟಿ, ಇನ್ನು ಸೀರೆ ಸಿಕ್ಕುವುದಿಲ್ಲ, ಚೈನೂ ಬೀಳುವುದಿಲ್ಲ ಎಂದರು. ಅವರ ಮಾತನ್ನು ನಾನು ಉಳಿಸಿಕೊಂಡು ಬಂದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಕೊಂಡವರು ವಿಶಾಲಾಕ್ಷಿಯ ಅಪ್ಪ, ಮಗಳು ಕಾಲೇಜಿಗೆ ಹೋಗಲಿ ಎಂದು. ಎರಡು ಜಡೆ ಹಾಕಿಕೊಂಡ ಆ ಹುಡುಗಿ ಏರಿನಲ್ಲಿ ಅವಸರ ಮಾಡುತ್ತಿರಲಿಲ್ಲ, ಇಳಿಜಾರಿನಲ್ಲಿ ಕುಣಿಯುತ್ತಿರಲಿಲ್ಲ. ಭಾನುವಾರ ತಾನೇ ಎಣ್ಣೆ ಹಾಕುತ್ತಿದ್ದಳು. ಅವಳು ಮದುವೆಯಾದಾಗ ನಾನೂ ಜೊತೆಗೆ ಹೋದೆ. ನಾವು ಹೋದ ಆ ವರ್ಷವೇ ಅವಳ ಗಂಡನ ಸೈಕಲ್ ಕಳುವಾಯಿತು. ನನ್ನ ಗ್ರಹಚಾರ.

ಗಂಡ ರುದ್ರಮುನಿ ಮೇಷ್ಟ್ರು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಕೊರಳಲ್ಲಿ ಸದಾ ಒಂದು ಸೀಟಿ. ಒಂದು ವಾರದ ಮಟ್ಟಿಗೆ ಎಂದು ನನ್ನನ್ನು ಹತ್ತಿದವರು ಮತ್ತೆ ಇಳಿಯಲಿಲ್ಲ. ಸೀಟನ್ನು ಎತ್ತರಿಸಿಕೊಂಡರು, ಬೆಲ್ಲನ್ನು ಬಲಗಡೆಯಿಂದ ಎಡಗಡೆಗೆ ತಿರುಗಿಸಿಕೊಂಡರು. ವಿಶಾಲಾಕ್ಷಿ ಹಿಂದಿನ ಕ್ಯಾರಿಯರ್‌ಗೆ ಹೋದಳು, ಕೈಚೀಲದ ಜೊತೆ. ಒಮ್ಮೆಯಾದರೂ ಇವಳನ್ನು ಕೇಳಿದರೇ? ಇಲ್ಲ. ಇವಳಾದರೂ ಕೊಡಿ ಅಂದಳೇ? ಅದೂ ಇಲ್ಲ. ಇಬ್ಬರ ಮೇಲೂ ನನಗೆ ಸಿಟ್ಟಿತ್ತು.

ಹಾಗೇ ವರ್ಷಗಳು ಉರುಳಿದವು. ಆಮೇಲೆ ಒಂದು ಬೇಸಿಗೆಯಲ್ಲಿ ಮೇಷ್ಟ್ರಿಗೆ ಎದೆನೋವು ಬಂದು, ಎದೆಯೊಳಗೆ ಸ್ಟೆಂಟ್ ಕೂರಿಸಿದರು. ಶಾಲೆಯಲ್ಲಿ ಅವರನ್ನು ಲೈಬ್ರರಿಗೆ ಹಾಕಿ, ಮೈದಾನವನ್ನು ಹೊಸ ಹುಡುಗನೊಬ್ಬನಿಗೆ ಕೊಟ್ಟರು. ಆಟ ಆಡಿಸಿ ಬದುಕಿದ ಮನುಷ್ಯನಿಗೆ ಪುಸ್ತಕದ ಧೂಳು ಹೊಡೆಯುವ ಕೆಲಸ. ಮುಂದಿನ ಜೂನ್‌ಗೆ ಮೈದಾನ ವಾಪಸ್ ಪಡೆದೇ ತೀರುತ್ತೇನೆ ಎಂದು ಹಟ ಹಿಡಿದರು. ಡಾಕ್ಟರ್ ಮಾತ್ರ, ಮಟ್ಟಸವಾದ ದಾರಿಯಲ್ಲಿ ಸ್ವಲ್ಪ ಸೈಕಲ್ ತುಳಿಯಬಹುದು, ಏರು ಮಾತ್ರ ಬೇಡವೇ ಬೇಡ ಎಂದಿದ್ದರು.

ಮಟ್ಟಸವಾದ ದಾರಿ ಎಂದದ್ದೇ ತಡ, ಮೇಷ್ಟ್ರಿಗೆ ಕರಡಿಬೆಟ್ಟದ ಹಳೇ ರೈಲು ದಾರಿ ನೆನಪಾಯಿತು. ಹಳಿ ಕಿತ್ತು ಎಷ್ಟೋ ವರ್ಷವಾಗಿತ್ತು. ಈಗ ಅಲ್ಲಿ ಕೆಮ್ಮಣ್ಣು ಹಾಸಿ ಸೈಕಲ್ ದಾರಿ ಮಾಡಿದ್ದರು. ಮೇಲೆ ಪಾಳುಬಿದ್ದ ಸ್ಟೇಷನ್ನು, ಆಚೆ ತುದಿಯಲ್ಲಿ ಹಿರೇಕೆರೆ ಎಂಬ ನಿಲ್ದಾಣ, ನಡುವೆ ಕುರುಚಲು ಕಾಡು. ಶಾಲೆಯ ಸ್ಕೌಟ್ಸ್ ಡೇರೆ ಕೇಳಿ ತಂದು, ಮೈದುನನ ಪಿಕಪ್‌ನಲ್ಲಿ ನನ್ನನ್ನೂ ಮಗಳು ಸ್ಫೂರ್ತಿಯ ಗೇರ್ ಸೈಕಲನ್ನೂ ಹೇರಿ, ಒಂದು ಶನಿವಾರ ಮೇಲಿನ ಆ ಪಾಳು ಸ್ಟೇಷನ್ನಿಗೆ ಹೋದೆವು. ಮೈದುನ ಇಳಿಸಿ, ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಹೊರಟುಹೋದ.

ಡೇರೆ ಹೊಡೆಯುವುದರಲ್ಲೇ ಅರ್ಧ ಬೆಳಗು ಮುಗಿಯಿತು. ಪ್ರತಿ ಗೂಟಕ್ಕೂ ಒಂದು ಸೀಟಿ. ಆಮೇಲೆ ಹೊರಡುವ ಸಂಭ್ರಮ. ಚಿತ್ರಾನ್ನದ ಡಬ್ಬಿ, ಮೊಸರನ್ನದ ಡಬ್ಬಿ, ಉಪ್ಪಿನಕಾಯಿ ಬಾಟಲಿ, ಕೂರಲು ಜಮಖಾನ, ಎಲ್ಲವೂ ನನ್ನ ಹ್ಯಾಂಡಲ್ಲಿಗೆ. ಹೋಗಿಬರಲು ಅರ್ಧ ದಿನ ಸಾಕಾದ ದಾರಿಗೆ ಇವರು ಒಂದು ಮದುವೆ ಮನೆಯನ್ನೇ ನೇತುಹಾಕಿದರು. ವಿಶಾಲಾಕ್ಷಿ ಎಂದಿನಂತೆ ಕ್ಯಾರಿಯರ್ ಮೇಲೆ ಕೂತಳು. ಏರು ಇದ್ದರೆ ಏನು ಮಾಡುವುದು ಎಂದು ಕೇಳಿದಳು. ರೈಲು ಹೋದ ದಾರಿಯಲ್ಲಿ ಏರು ಎಲ್ಲಿಂದ ಬರಬೇಕು, ರೈಲೇನು ಮೇಕೆಯೇ ಎಂದು ಮೇಷ್ಟ್ರು ನಕ್ಕು ಸೀಟಿ ಊದಿದರು.

ಚಕ್ರ ಉರುಳಿದ ಕ್ಷಣವೇ ನನಗೆ ಗೊತ್ತಾಯಿತು. ದಾರಿ ಇಳಿಯುತ್ತಿತ್ತು. ಕಣ್ಣಿಗೆ ಕಾಣುವ ಇಳಿಜಾರಲ್ಲ ಅದು. ರೈಲು ಕಷ್ಟಪಡಬಾರದೆಂದು ಉದ್ದಕ್ಕೂ ಹರಡಿ ಹಾಸಿದ ಇಳಿಜಾರು. ನೋಡಿದವರಿಗೆ ಮೇಜಿನಷ್ಟು ಮಟ್ಟ, ಚಕ್ರಕ್ಕೆ ಮಾತ್ರ ಸತ್ಯ ಗೊತ್ತು. ಮೇಷ್ಟ್ರು ಒಂದು ಸಲ ತುಳಿದರೆ ನಾನು ಹತ್ತು ಮಾರು ಹೋಗುತ್ತಿದ್ದೆ. ಅವರು ಅದನ್ನು ತಮ್ಮ ಎದೆಯ ಲೆಕ್ಕಕ್ಕೆ ಬರೆದುಕೊಂಡರು.

“ನೋಡಿದ್ಯಾ ವಿಶಾಲೂ, ಒಂಚೂರೂ ಉಸಿರು ಹತ್ತಿಲ್ಲ. ಜೂನ್‌ನಲ್ಲಿ ಆ ಹುಡುಗನ್ನ ಲೈಬ್ರರಿಗೆ ಕಳಿಸ್ತೀನಿ,” ಎಂದರು.

ಅಯ್ಯಾ ಪುಣ್ಯಾತ್ಮ, ನಿಲ್ಲಿಸು ಎಂದು ನಾನು ಮಡ್‌ಗಾರ್ಡ್ ಗಡಗಡಿಸಿದೆ. ಬ್ರೇಕ್ ಕಿರುಗುಟ್ಟಿಸಿದೆ. ಹಳೇ ಸೈಕಲ್ಲು, ಎಣ್ಣೆ ಹಾಕಬೇಕು ಎಂದುಕೊಂಡು ಇನ್ನೂ ಜೋರಾಗಿ ತುಳಿದರು. ಅರ್ಧ ದಾರಿಗೇ ಹಿಂತಿರುಗೋಣ ಎಂದಿದ್ದವರು ಆ ಹುಮ್ಮಸ್ಸಿನಲ್ಲಿ ಹಿರೇಕೆರೆಯವರೆಗೂ ಹೋದರು. ಅಲ್ಲಿ ಜಮಖಾನ ಹಾಸಿ, ಎರಡೂ ಡಬ್ಬಿ ಬರಿದು ಮಾಡಿ, ಹುಣಸೆಮರದ ನೆರಳಲ್ಲಿ ಮಗಳಿಗೆ ಫಿಟ್‌ನೆಸ್ ಮೇಲೆ ಭಾಷಣವನ್ನೂ ಮಾಡಿದರು.

ವಾಪಸ್ ಹೊರಟಾಗ ಬಣ್ಣ ಬಯಲಾಯಿತು. ಅದೇ ದಾರಿ, ಅದೇ ಮಟ್ಟಸ, ಆದರೆ ಪೆಡಲು ಹೆಜ್ಜೆಹೆಜ್ಜೆಗೂ ಎದುರು ಒತ್ತುತ್ತಿತ್ತು. ಸ್ಫೂರ್ತಿ ಗೇರ್ ಬದಲಿಸಿಕೊಂಡು ಮುಂದೆ ಹೋದಳು. ಸ್ವಲ್ಪ ದೂರಕ್ಕೇ ಮೇಷ್ಟ್ರ ಅಂಗೈ ನನ್ನ ಹಿಡಿಯ ಮೇಲೆ ತಣ್ಣಗೆ ಬೆವರಿತು. ಗಕ್ಕನೆ ನಿಲ್ಲಿಸಿದರು. ಏನಾಯಿತೆಂದು ವಿಶಾಲಾಕ್ಷಿ ಕೇಳಿದಳು.

“ಚೈನ್ ಬಿತ್ತು,” ಎಂದರು ಮೇಷ್ಟ್ರು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಷಾ ಸಾಬರ ಕೈಯಿಂದ ಹೊರಬಂದ ದಿನದಿಂದ ಬೀಳದ ಚೈನು! ಅವರು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕವರಿನ ಮೇಲೆ ಸುಮ್ಮನೆ ಕೈಯಾಡಿಸುತ್ತ, ತಲೆ ತಗ್ಗಿಸಿ ಉಸಿರು ಎಳೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಸರಿಯಾಯ್ತು, ಹತ್ತು ಎಂದರು. ಹಳೇ ಸೇತುವೆ ದಾಟಿದ ಮೇಲೆ ಮತ್ತೆ ಚೈನ್ ಬಿತ್ತು. ಬಂಡೆ ಕೊರೆದು ಮಾಡಿದ ಓಣಿಯ ಬಾಯಲ್ಲಿ ಇನ್ನೊಮ್ಮೆ ಬಿತ್ತು. ಹಾಳು ಸೈಕಲ್ಲು, ಗುಜರಿಗೆ ಹಾಕಬೇಕು ಎಂದು ನನಗೇ ಬೈದರು. ಬೈಯುವುದಕ್ಕೂ ಉಸಿರು ಸಾಲದೆ ಮಾತು ಅರ್ಧಕ್ಕೇ ನಿಂತಿತು. ಅಪವಾದ ಹೊತ್ತ ಸಿಟ್ಟು ಒಂದು ಕಡೆ, ಈ ಮನುಷ್ಯ ನನ್ನ ಪಕ್ಕದಲ್ಲೇ ಬಿದ್ದುಹೋದರೆ ಎಂಬ ಹೆದರಿಕೆ ಇನ್ನೊಂದು ಕಡೆ. ನನಗೆ ಅಳು ಬಂದಿತ್ತು.

ವಿಶಾಲಾಕ್ಷಿ ಕೆಳಗಿಳಿದು ಅವರ ಎದುರು ಕೂತಳು. ಅವರ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದಳು. ಬೆರಳಿಗೆ ಒಂದು ಚೂರೂ ಮಸಿ ಇರಲಿಲ್ಲ.

“ಇದು ನನ್ನ ಸೈಕಲ್ಲು ರೀ. ಇದರ ಚೈನ್ ಒಂದು ದಿನಾನೂ ಬಿದ್ದಿಲ್ಲ,” ಎಂದಳು.

ಮೇಷ್ಟ್ರು ಕೊರಳ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದರು. ನೋವಿದೆಯಾ ಎಂದು ಕೇಳಿದಳು. ನೋವಿಲ್ಲ, ಉಸಿರು ಸಾಲುತ್ತಿಲ್ಲ ಎಂದರು. ಆಮೇಲೆ ನೆಲ ನೋಡುತ್ತ, “ಮೈದಾನ ಹೋಯ್ತು ಕಣೇ,” ಎಂದರು.

“ಮೈದಾನ ಹೋದ್ರೆ ಹೋಗ್ಲಿ. ನೀವು ಹಿಂದೆ ಕೂತ್ಕೊಳಿ.”

ಬ್ಯಾಗಿನ ಮಾತ್ರೆ ಕೊಟ್ಟಳು, ನೀರು ಕುಡಿಸಿದಳು, ಅವರ ಉಸಿರು ಹದಕ್ಕೆ ಬರುವವರೆಗೂ ನೆರಳಲ್ಲಿ ಕೂರಿಸಿದಳು. ಫೋನಿಗೆ ಆ ಓಣಿಯಲ್ಲಿ ಸಿಗ್ನಲ್ ಇರಲಿಲ್ಲ. ಮುಂದೆ ಹೋಗಿದ್ದ ಸ್ಫೂರ್ತಿ ತಿರುಗಿ ಬಂದು ಡಬ್ಬಿ ಜಮಖಾನಗಳನ್ನೆಲ್ಲ ತನ್ನ ಸೈಕಲ್ಲಿಗೆ ಕಟ್ಟಿಕೊಂಡಳು. ವಿಶಾಲಾಕ್ಷಿ ನನ್ನ ಸೀಟನ್ನು ಕೆಳಗಿಳಿಸಿದಳು, ಸೆರಗು ಸಿಕ್ಕಿಸಿದಳು, ಎಷ್ಟೋ ವರ್ಷಗಳ ಮೇಲೆ ನನ್ನ ಹಿಡಿಗಳನ್ನು ಹಿಡಿದಳು. ಮೊದಲು ಸ್ವಲ್ಪ ಓಲಾಡಿದಳು. ಆಮೇಲೆ ಅದೇ ಹಳೆಯ ತುಳಿತ, ಏರಿನಲ್ಲಿ ಅವಸರ ಮಾಡದ ತುಳಿತ. ಆ ದಾರಿ ಕೇಳುತ್ತಿದ್ದದ್ದೂ ಅದನ್ನೇ. ನಿಧಾನವಾಗಿ ಹೋಗುವವರಿಗೆ ಅದು ಏರೇ ಅಲ್ಲ. ಕ್ಯಾರಿಯರ್ ಮೇಲೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತ ಮೇಷ್ಟ್ರು, ಕಲ್ಲು ನೋಡಿಕೋ, ಎಡಕ್ಕೆ ಎಳೀಬೇಡ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು. ಹಿಂದೆ ಕೂತು ಇಷ್ಟು ವರ್ಷ ಇವಳು ಒಂದು ಮಾತಾಡಿದವಳಲ್ಲ. ಆದರೂ ಅವರ ಬಾಯಿ ನಡೆಯುತ್ತಿದೆಯಲ್ಲ ಎಂದು ನನಗೂ ಅವಳಿಗೂ ಸಮಾಧಾನ. ಅವಳಿಗೆ ದಣಿವಾದ ಕಡೆ ಮಗಳು ಇಳಿದು ಬಂದು ಹಿಂದಿನಿಂದ ನೂಕಿದಳು. ಬೆಳಕಿರುವಾಗಲೇ ಡೇರೆ ಸೇರಿದೆವು.

ಮರುದಿನ ಪಿಕಪ್ಪು ನೇರ ಆಸ್ಪತ್ರೆಗೇ ಹೋಯಿತು. ಡಾಕ್ಟರ್ ಬೈದರು, ಮಾತ್ರೆ ಬದಲಿಸಿದರು, ಮನೆಗೆ ಕಳಿಸಿದರು. ಜೂನ್‌ನಲ್ಲಿ ಮೇಷ್ಟ್ರು ತಾವೇ ಹೋಗಿ ಲೈಬ್ರರಿಯ ಬೀಗದ ಕೈ ಇಸಿದುಕೊಂಡರು. ಸೀಟಿಯನ್ನು ಆ ಹೊಸ ಹುಡುಗನಿಗೆ ಕೊಟ್ಟರಂತೆ.

ಈಗ ನನಗೂ ವಯಸ್ಸಾಗಿದೆ. ಜಗಲಿಯ ಮೂಲೆ ನನ್ನ ಜಾಗ. ಸೀಟು ಮತ್ತೆ ಎತ್ತರವಾಗಿಲ್ಲ, ಬೆಲ್ಲು ಬಲಗಡೆಗೆ ಬಂದಿದೆ, ತರಕಾರಿ ತರಲು ವಿಶಾಲಾಕ್ಷಿಯೇ ನನ್ನನ್ನು ಹತ್ತುತ್ತಾಳೆ. ಬಾಷಾ ಸಾಬರ ಕವರು ತುಕ್ಕು ತಿಂದು ಉದುರಿತು. ಚಕ್ರದ ಹಲ್ಲು ಸವೆದು ನನ್ನ ಚೈನು ಈಗ ನಿಜವಾಗಿಯೂ ಬೀಳುತ್ತದೆ. ಹೇಳಲು ನಾಚಿಕೆ, ಆದರೆ ಬೀಳುತ್ತದೆ. ಅದನ್ನು ಹಾಕುವುದು ಮೇಷ್ಟ್ರ ಕೆಲಸ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಹಾಕುತ್ತಾರೆ. ಮುಗಿದ ಮೇಲೆ ಕಪ್ಪಾದ ಎರಡೂ ಕೈ ಮೇಲೆತ್ತಿ, ನಿಜವಾಗ್ಲೂ ಬಿದ್ದಿತ್ತು ಕಣೇ, ಬಂದು ನೋಡು ಎಂದು ಅಡುಗೆಮನೆಗೆ ಕೇಳುವ ಹಾಗೆ ಕೂಗುತ್ತಾರೆ.

ಅವಳು ಒಲೆ ಆರಿಸಿ ಬರುತ್ತಾಳೆ. ಮೊದಲು ಅವರ ಮುಖ ನೋಡುತ್ತಾಳೆ. ಆಮೇಲೆ ಕೈ ನೋಡುತ್ತಾಳೆ.